ಚೊಣಕ್ ಮೀನಿಗೆ ಯಾವ ಲೂರ್ (ಹುಸಿ ಎರೆ)? ಎರಡು ಸಾವಿರದೊಳಗೆ ಪೆಟ್ಟಿಗೆ ತುಂಬಬೇಕು

ಘಟ್ಟದ_ಮೇಲಿನವ (ಶಿರಸಿ):
ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಕೂತವನು ನಾನು. ಇವತ್ತು ಕೇಳಲೇಬೇಕಾಯಿತು.

ಶಿರಸಿ ಸುತ್ತಲಿನ ಕೆರೆಗಳಲ್ಲಿ ರಬ್ಬರ್ ಕಪ್ಪೆ ಎಸೆದು ಮುರ್ರೆಲ್ ಹಿಡಿಯುವುದು, ಫೋಟೋ ತೆಗೆದು ಬಿಡುವುದು. ಇಷ್ಟೇ ನನ್ನ ಅನುಭವ. ಈಗ ಘಟ್ಟ ಇಳಿದು ಚೊಣಕ್, ಅಂದರೆ ಅಳಿವೆಯ ಸೀಬಾಸ್ ಹಿಡಿಯುವ ಹುಚ್ಚು ಹತ್ತಿದೆ. ನಮ್ಮ ಶಂಕರಹೊಂಡದ ನೀರೇ ಅಘನಾಶಿನಿಯಾಗಿ ತದಡಿಗೆ ಹೋಗಿ ಸಮುದ್ರ ಸೇರುತ್ತದಲ್ಲ, ಅದರ ಹಿಂದೆಯೇ ಹೋಗೋಣ ಅಂತ. ಆಮೇಲೆ ಕಾಳಿ ಅಳಿವೆಗೂ ಬರಬೇಕು.

ಯೂಟ್ಯೂಬ್‌ನಲ್ಲಿ ಬಾಸ್ ಫಿಶಿಂಗ್ ಅಂತ ಹುಡುಕಿದರೆ ಸ್ಪಿನ್ನರ್‌ಬೈಟ್, ಕ್ರ್ಯಾಂಕ್‌ಬೈಟ್, ಪಾಪರ್, ಪ್ಲಾಸ್ಟಿಕ್ ಎರೆಹುಳ ಅಂತ ನೂರೆಂಟು ಬರುತ್ತದೆ. ತಲೆ ಕೆಟ್ಟು ಹೋಯಿತು. ಏಳಡಿ ರಾಡು, 3000 ಸೈಜಿನ ರೀಲು ಇದೆ. ಲೂರಿಗೆ ಅಂತ ಎರಡು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ನಿಮಗೆ ಅತಿ ಜಾಸ್ತಿ ಮೀನು ಕೊಟ್ಟ ಲೂರ್ ಯಾವುದು? ಒಂದೇ ಹೇಳಿ ಅಂದರೆ ಯಾವುದು?

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಹಿಡಿದದ್ದನ್ನು ಬಿಡುವುದೇ. ನಗಬೇಡಿ.

ಕೋಡಿಬಾಗ_ಕಟ್ಟೆ:
ನಾಲ್ಕಿಂಚಿನ ಬಿಳಿ ಪ್ಯಾಡಲ್ ಟೇಲ್, ಬಾಲ ಅಲ್ಲಾಡಿಸುವ ಮೆತ್ತನೆ ಪ್ಲಾಸ್ಟಿಕ್ ಮೀನು. ಜಿಗ್ ಹೆಡ್, ಅಂದರೆ ತೂಕದ ತಲೆಯ ಕೊಕ್ಕೆ, ಹತ್ತು ಗ್ರಾಂ. ಮುಗೀತು. ಬಾಕಿ ಹಣಕ್ಕೆ ಪೆಟ್ರೋಲ್ ಹಾಕಿಸಿ.

ಬೇಲೆಕೇರಿ_ಬಾಬು:
ನಗಬೇಡಿ ಅಂದರೆ ಹೇಗೆ ಮಾರಾಯ್ರೆ. ಮನೆಯಲ್ಲಿ ರಾಡಿನ ಚೀಲಕ್ಕೆ ಏನಂತ ಹೇಳಿದ್ದೀರಿ?

ಘಟ್ಟದ_ಮೇಲಿನವ:
ಕ್ಯಾಮೆರಾದ ಟ್ರೈಪಾಡ್ ಅಂತ.

ಸದಾಶಿವಗಡದವ:
ಕಟ್ಟೆಯವರ ಮಾತು ಅರ್ಧ ಸತ್ಯ. ಸಾಫ್ಟ್ ಪ್ಲಾಸ್ಟಿಕ್ ಮೀನು ಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕೊಡುವುದು ಎಂಥ ಮೀನು? ಒಂದು ಕಿಲೋ, ಒಂದೂವರೆ ಕಿಲೋ. ನನ್ನ ಮೂರು ದೊಡ್ಡ ಚೊಣಕ್ ಬಂದದ್ದು ಗಟ್ಟಿ ಮೈಯ, ಸಣ್ಣ ಮೀನಿನ ಆಕಾರದ ಮಿನ್ನೊ ಲೂರಿನಲ್ಲೇ. ಅದರಲ್ಲೂ ನೀರಿನ ನಡುವೆ ತೇಲದೆ ಮುಳುಗದೆ ನಿಲ್ಲುವ ಜಾತಿ ಇದೆಯಲ್ಲ, ಸಸ್ಪೆಂಡಿಂಗ್ ಅನ್ನುತ್ತಾರೆ, ಅದು.

ವಿಷಯ ಏನಂದರೆ, ಚೊಣಕ್ ಇಸವಣದ ಹಾಗೆ ಬೆನ್ನಟ್ಟಿ ಹೊಡೆಯುವ ಮೀನಲ್ಲ. ಕಲ್ಲಿನ ಮರೆಯಲ್ಲೋ ಕಂಬದ ನೆರಳಲ್ಲೋ ಬಾಯಿ ಮುಚ್ಚಿಕೊಂಡು ನಿಂತಿರುತ್ತದೆ. ಎದುರಿಗೆ ಬಂದದ್ದನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಅದಕ್ಕೇ ಲೂರ್ ಅದರ ಮೂತಿಯ ಮುಂದೆ ನಿಲ್ಲಬೇಕು. ಎರಡು ಸಲ ಜಗ್ಗಿ, ನಿಲ್ಲಿಸಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಮತ್ತೆ ಜಗ್ಗಿ. ಹೊಡೆತ ಬೀಳುವುದು ನಿಂತಾಗಲೇ. ಹೊಸಬರು ಮೂರರವರೆಗೂ ಎಣಿಸುವುದಿಲ್ಲ. ರೀಲಿನ ಹಿಡಿಕೆ ಸಿಕ್ಕಿತು ಅಂತ ತಿರುಗಿಸುತ್ತಲೇ ಇರುತ್ತಾರೆ.

ಕೋಡಿಬಾಗ_ಕಟ್ಟೆ:
ದೊಡ್ಡ ಮೂರಕ್ಕೆ ಎಷ್ಟು ವರ್ಷ ಹಿಡಿಯಿತು ಅಂತಲೂ ಹೇಳಿ ಅಣ್ಣ.

ಸದಾಶಿವಗಡದವ:
ಹನ್ನೊಂದು.

ಕೋಡಿಬಾಗ_ಕಟ್ಟೆ:
ನನ್ನ ಮಾತು ಮುಗೀತು.

ಹುಬ್ಳಿ_ಹುಡುಗ:
ಬಾಸ್ ಅಂದ್ರೆ ಹೋಟೆಲ್‌ನಲ್ಲಿ ಮುಳ್ಳಿಲ್ಲದೆ ಕೊಡ್ತಾರಲ್ಲ, ಅದೇನಾ?

ಬೇಲೆಕೇರಿ_ಬಾಬು:
ಅದು ಬಾಸಾ. ಕೆಟ್ಟ ಮಾತು ಆಡಬೇಡಿ ಇಲ್ಲಿ.

ಅಂಕೋಲಾ_ಮಾಸ್ತರ್:
ಹುಬ್ಬಳ್ಳಿಯ ತಮ್ಮನಿಗೆ ಮಾತ್ರ ಅಲ್ಲ, ಇಲ್ಲಿ ಹಳಬರಿಗೂ ಈ ಗೊಂದಲ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ. ಪಾಠ ಮಾಡಿದ ಬಾಯಿ.

ಬಾಸಾ ಅಂದರೆ ಸಾಕಣೆಯ ಪಂಗಾಸಿಯಸ್, ಬೆಕ್ಕುಮೀನಿನ ಬಳಗ. ಅಮೆರಿಕದವರು ವಿಡಿಯೋದಲ್ಲಿ ಹಿಡಿಯುವುದು ಲಾರ್ಜ್‌ಮೌತ್ ಬಾಸ್, ಸಿಹಿನೀರಿನ ಕೆರೆ-ಹೊಳೆಯ ಮೀನು. ನಮ್ಮ ಹೊಳೆಗಳಲ್ಲಿ ಅದು ಇಲ್ಲ. ನಮ್ಮದು ಏಷ್ಯನ್ ಸೀಬಾಸ್. ಕೊಂಕಣಿಯಲ್ಲಿ ಚೊಣಕ್, ಕನ್ನಡದಲ್ಲಿ ಕುರುಡಿ, ಆಸ್ಟ್ರೇಲಿಯಾದವರ ಬಾರಮಂಡಿ. ಮೂರೂ ಒಂದೇ. ಆಫ್ರಿಕಾದ ನೈಲ್ ಪರ್ಚ್ ಇದಕ್ಕೆ ದಾಯಾದಿ, ಲಾರ್ಜ್‌ಮೌತ್ ಅಲ್ಲ. ಹೆಸರು ಕುರುಡಿಯಾದರೂ ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿ, ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ.

ಎರಡೂ ಮೀನಿನ ಬುದ್ಧಿ ಮಾತ್ರ ಒಂದೇ ಥರ. ಮರೆಯಲ್ಲಿ ನಿಂತು ಹೊಂಚು ಹಾಕುವುದು, ದೊಡ್ಡ ಬಾಯಿ, ಗಾಳ ಬಿದ್ದ ಮೇಲೆ ಹಾರಿ ತಲೆ ಕೊಡವುವುದು. ಅದಕ್ಕೇ ಅಲ್ಲಿಯ ಲೂರ್ ಇಲ್ಲಿಯೂ ನಡೆಯುತ್ತದೆ. ಆದರೆ ಅಲ್ಲಿಯ ಕೊಕ್ಕೆ ನಡೆಯುವುದಿಲ್ಲ. ಅಲ್ಲಿಯ ವಿಶ್ವದಾಖಲೆಯ ಬಾಸ್ 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕಿದ್ದು, ತೂಕ ಹತ್ತು ಕಿಲೋ ಚಿಲ್ಲರೆ. ನಮ್ಮ ಚೊಣಕ್ ಬೆಳೆಯುತ್ತಾ ಹೋದರೆ ಅದರ ಐದು ಪಟ್ಟು ತೂಗಬಲ್ಲದು. ಸಿಹಿನೀರಿನ ಬಾಸ್‌ಗೆ ಅಂತ ಮಾಡಿದ ತೆಳು ಕೊಕ್ಕೆಯನ್ನು ಇಲ್ಲಿ ಹಾಕಿದರೆ ಸೂಜಿಯ ಹಾಗೆ ನೆಟ್ಟಗಾಗಿ ವಾಪಸ್ ಬರುತ್ತದೆ.

ಇನ್ನೊಂದು ತಮಾಷೆ. ಚೊಣಕ್ ಮೊದಲು ಗಂಡಾಗಿ ಬೆಳೆಯುತ್ತದೆ, ಕೆಲವು ವರ್ಷ ಕಳೆದು ಹೆಣ್ಣಾಗುತ್ತದೆ. ಅಂದರೆ ನೀವು ಫೋಟೋಕ್ಕೆ ಎತ್ತಿ ಹಿಡಿಯುವ ದೊಡ್ಡ ಮೀನು ಬಹುಮಟ್ಟಿಗೆ ಹೆಣ್ಣು.

ಟೊಂಕದ_ಅಲೆ:
ಮಾಸ್ತರ್ರೇ, ನಮ್ಮ ಊರಿನಲ್ಲಿ ಉಲ್ಟಾ. ಮದುವೆ ಆದ ಮೇಲೆ ಗಂಡು ಹೆದರಿ ಮರೆಯಲ್ಲಿ ನಿಲ್ಲುವುದು.

ಮಿರ್ಜಾನ್_ಗಜನಿ:
ಎಲ್ಲರೂ ಲೂರ್ ಲೂರ್ ಅಂತೀರಿ. ನೀರಿನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಗಜನಿ, ಅಂದರೆ ಹೊಳೆ ಬದಿಯ ಉಪ್ಪುನೀರಿನ ಗದ್ದೆ, ನಮ್ಮದು; ತೂಬಿನ ಮೇಲೆ ಕೂತು ಬೆಳೆದವನು ನಾನು. ಆದ್ದರಿಂದ ಹೇಳುತ್ತೇನೆ.

ಉಬ್ಬರದಲ್ಲಿ ಹೊಳೆಯ ಉಪ್ಪುನೀರು ಗಜನಿಯೊಳಗೆ ಬರುತ್ತದೆ. ಜೊತೆಗೆ ಶೆಟ್ಲಿ (ಸಿಗಡಿ), ಶೇವ್ಟೆ ಮೀನಿನ ಮರಿ, ಸಣ್ಣಪುಟ್ಟ ಎಲ್ಲ ಬರುತ್ತವೆ. ಇಳಿತ ಶುರುವಾದಾಗ ಅಷ್ಟೂ ಒಂದೇ ಕಿಂಡಿಯಿಂದ ಹೊರಗೆ ಹೋಗಬೇಕು. ಆ ತೂಬಿನ ಬಾಯಲ್ಲಿ ನೀರು ಧುಮುಕಿ ಪಕ್ಕಕ್ಕೆ ಒಂದು ಸುಳಿ ಮಾಡುತ್ತದೆ, ತಿರುಗುವ ನೀರು. ಮೇಲೆ ನೊರೆ, ಕಾಂಡ್ಲಾ ಎಲೆ ಒಂದೆರಡು ಅಲ್ಲೇ ಗಿರಕಿ ಹೊಡೆಯುತ್ತಿರುತ್ತವೆ. ಚೊಣಕ್ ಇರುವುದು ಹರಿವಿನಲ್ಲೂ ಅಲ್ಲ, ಸುಳಿಯ ನಡುವೆಯೂ ಅಲ್ಲ. ಓಡುವ ನೀರಿಗೂ ತಿರುಗುವ ನೀರಿಗೂ ನಡುವೆ ಒಂದು ಗೆರೆ ಕಾಣುತ್ತದೆ ನೋಡಿ, ಆ ಗೆರೆಯ ಮೇಲೆ. ತಲೆ ಹರಿವಿನ ಕಡೆ. ನೀವು ಲೂರನ್ನು ಹರಿವಿನ ಮೇಲ್ಗಡೆ ಎಸೆದು ನೀರೇ ಹೊತ್ತು ತರುವ ಹಾಗೆ ಬಿಡಬೇಕು. ಕೆಳಗಿನಿಂದ ಮೇಲಕ್ಕೆ ಎಳೆದರೆ ಯಾವ ಶೆಟ್ಲಿಯೂ ಹಾಗೆ ಈಜುವುದಿಲ್ಲ ಅಂತ ಅದಕ್ಕೆ ಗೊತ್ತು.

ಹೊತ್ತು: ಇಳಿತದ ಕೊನೆಯ ಎರಡು ತಾಸು. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನ ನೀರಿನ ಓಟ ಜೋರು. ಅಷ್ಟಮಿ ಆಸುಪಾಸಿನಲ್ಲಿ ನೀರು ಸತ್ತ ಹಾಗೆ ಇರುತ್ತದೆ, ಆಗ ಬಂದು ನನ್ನ ಹತ್ತಿರ ಮೀನಿಲ್ಲ ಅನ್ನಬೇಡಿ. ಇವತ್ತು ಇಳಿತ ಐದಕ್ಕೆ ಅಂದರೆ ನಾಳೆ ಹತ್ತಿರ ಹತ್ತಿರ ಆರಕ್ಕೆ. ದಿನಕ್ಕೆ ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಚಮಚಕ್ಕೆ ಕೊಕ್ಕೆ ಕಟ್ಟಿದರೂ ಮೀನು ಬರುತ್ತದೆ.

ಮತ್ತೆ ಒಂದು ಬೇಡಿಕೆ. ಗಜನಿಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತೇವೆ. ಆ ಹೊತ್ತಿಗೆ ತೂಬಿಗೆ ಚೀಲದ ಬಲೆ ಕಟ್ಟಿರುತ್ತಾರೆ. ಹೋದ ವರ್ಷ ಯಾರೋ ಬೆಂಗಳೂರಿನ ಕಡೆಯವರು ಬಂದು ಬಲೆಗೆ ಮೂರು ಲೂರ್ ಸಿಕ್ಕಿಸಿ, ದಾರ ಕತ್ತರಿಸಿ ಹೋದರು. ಬೆಳಿಗ್ಗೆ ಕತ್ತಲಲ್ಲಿ ಬಲೆ ಎತ್ತಿದ ಹುಡುಗನ ಅಂಗೈಗೆ ಮೂರು ಕವಲಿನ ಕೊಕ್ಕೆ. ಕೇಳಿಕೊಂಡು ಬನ್ನಿ. ಕೇಳಿದವರಿಗೆ ಇಲ್ಲ ಅಂದಿದ್ದಿಲ್ಲ.

ಘಟ್ಟದ_ಮೇಲಿನವ:
ಅಣ್ಣ, ನಾನು ಕೇಳಿಕೊಂಡೇ ಬರುತ್ತೇನೆ. ಮೆಸೇಜ್ ಹಾಕಿದ್ದೇನೆ ನೋಡಿ.

ಕಾಸರಕೋಡು_ಕಡವು:
ಗಜನಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ಆದರೆ ಚಮಚ ಯಾಕೆ, ಪ್ಲಾಸ್ಟಿಕ್ ಯಾಕೆ? ಜೀವಂತ ಶೆಟ್ಲಿ ಕೈಯಲ್ಲೇ ಇರುವಾಗ! ಬಾಲದ ಹತ್ತಿರ ಕೊಕ್ಕೆ ಸಿಕ್ಕಿಸಿ ಬಿಟ್ಟರೆ ಕುರುಡಿಗೆ ಬೇಡ ಅನ್ನಲು ಬಾಯಿಯೇ ಇಲ್ಲ. ಶರಾವತಿ ಅಳಿವೆಯಲ್ಲಿ ನಮ್ಮಪ್ಪ ಕೈದಾರದಲ್ಲಿ ಹಿಡಿದಷ್ಟು ನೀವೆಲ್ಲ ಸೇರಿ ಹಿಡಿದಿಲ್ಲ.

ಸದಾಶಿವಗಡದವ:
ಲೂರ್ ದಾರದಲ್ಲಿ ಶೆಟ್ಲಿ ತರಬೇಡಿ. ಅದು ಬೇರೆ ಆಟ.

ಕಾಸರಕೋಡು_ಕಡವು:
ಮೀನಿಗೆ ಗೊತ್ತಾ ಬೇರೆ ಆಟ ಅಂತ?

ಅಂಕೋಲಾ_ಮಾಸ್ತರ್:
ಕಡವು ಅವರ ಪರ ಒಂದು ಸಾಕ್ಷಿ. 1932ರ ಆ ದಾಖಲೆಗೆ 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅನ್ನುವವರು ಸಮ ಬಂದರು. ಅವರ ಮೀನು ಒಂದು ಔನ್ಸಿನಷ್ಟು ಜಾಸ್ತಿಯೇ ತೂಗಿತ್ತು. ಆದರೆ ಎರಡು ಔನ್ಸ್ ಮೀರಿದರೆ ಮಾತ್ರ ಹೊಸ ದಾಖಲೆ ಅನ್ನುವುದು ನಿಯಮ. ಹಾಗಾಗಿ ಇಬ್ಬರಿಗೂ ಸಮಪಾಲು. ಲೂರ್ ತಯಾರಿಕೆಗೆ ಹೆಸರಾದ ಜಪಾನಿನಲ್ಲಿ ಆ ಮೀನು ಬಿದ್ದದ್ದು ಯಾವುದಕ್ಕೆ? ಜೀವಂತ ಬ್ಲೂಗಿಲ್ ಮರಿಗೆ.

ಕಾಸರಕೋಡು_ಕಡವು:
ಮಾಸ್ತರ್ರಿಗೆ ಒಂದು ಕಿಲೋ ಶೆಟ್ಲಿ ನನ್ನ ಕಡೆಯಿಂದ.

ಕೋಡಿಬಾಗ_ಶಾಂತಾ:
ಆಟ ಗೀಟ ಇರಲಿ. ನಮ್ಮ ಅಮ್ಮ ಮೀನು ಮಾರ್ಕೆಟಿನಲ್ಲಿ ಮೂವತ್ತು ವರ್ಷ ಕೂತವಳು. ಅಂಗೈ ಉದ್ದದ ಚೊಣಕ್ ಮರಿಯನ್ನು ಹಿಡಿದು ತಂದು ಫೋಟೋ ಹಾಕುವವರನ್ನು ಕಂಡರೆ ಬೈಯುತ್ತಾಳೆ. ಅದು ಬೆಳೆದು ಮೂರು ಕಿಲೋ ಆದರೆ ಒಂದೇ ಮೀನಿಗೆ ಒಂದು ದಿನದ ವ್ಯಾಪಾರ. ಶಿರಸಿಯವರು ಬಿಡುತ್ತೇನೆ ಅಂದದ್ದಕ್ಕೆ ನಗುವವರು ಇದನ್ನೂ ನೋಡಿಕೊಳ್ಳಿ. ಈಗ ಮಾರ್ಕೆಟಿಗೆ ಬರುವ ಚೊಣಕ್‌ನಲ್ಲಿ ಪಂಜರದಲ್ಲಿ ಸಾಕಿದ್ದೂ ಇರುತ್ತದೆ. ಎಲ್ಲ ಒಂದೇ ಅಳತೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಚಿತ್ತಾಕುಲ_ಬಣ್ಣ:
ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಹತ್ತಿರ ಒಂದೇ ಮಿನ್ನೊ ಹನ್ನೊಂದು ಬಣ್ಣದಲ್ಲಿದೆ. ಹಳದಿ-ಹಸಿರೇ ರಾಜ.

ಕೋಡಿಬಾಗ_ಕಟ್ಟೆ:
ಬಿಳಿ.

ಟೊಂಕದ_ಅಲೆ:
ಚಿನ್ನದ ಬಣ್ಣ. ಕೆಂಪು ತಲೆ.

ಸದಾಶಿವಗಡದವ:
ರಾತ್ರಿಗೆ ಕಪ್ಪು. ಕೆಳಗಿನಿಂದ ಆಕಾಶದ ಎದುರು ನೋಡುವ ಮೀನಿಗೆ ಕಪ್ಪು ನೆರಳೇ ಎಲ್ಲಕ್ಕಿಂತ ಸ್ಪಷ್ಟ.

ಮಿರ್ಜಾನ್_ಗಜನಿ:
ನೀರು ರಾಡಿ ಇದ್ದಾಗ ಎದ್ದು ಕಾಣುವುದು ಬೇಕು, ತಿಳಿ ಇದ್ದಾಗ ಬೆಳ್ಳಿ ಬಣ್ಣ ಸಾಕು. ಇದಕ್ಕೆ ಹನ್ನೊಂದು ಬಣ್ಣ ಬೇಕಾ ಮಾರಾಯ? ಆಳ ತಪ್ಪಿದರೆ ಬಣ್ಣ ಕಟ್ಟಿಕೊಂಡು ಏನು ಮಾಡುತ್ತೀ. ಎಂಟಡಿ ಕೆಳಗೆ ನಿಂತ ಮೀನಿನ ನೆತ್ತಿಯ ಮೇಲೆ ಎರಡಡಿಯಲ್ಲಿ ನಿನ್ನ ರಾಜ ಹೋಗುತ್ತಿರುತ್ತಾನೆ.

ಚಿತ್ತಾಕುಲ_ಬಣ್ಣ:
ಹನ್ನೊಂದೂ ನೋಡಲಿಕ್ಕೆ ಚಂದ ಇದೆ ಅಣ್ಣ.

ಬೇಲೆಕೇರಿ_ಬಾಬು:
ಲೂರ್ ಪೆಟ್ಟಿಗೆ ವಿಷಯ ಬಂದದ್ದಕ್ಕೆ ನನ್ನ ದುಃಖ ಹೇಳಿಬಿಡುತ್ತೇನೆ. ಆ ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುವ ಸಾಫ್ಟ್ ಪ್ಲಾಸ್ಟಿಕ್ ಇದೆಯಲ್ಲ, ಝಡ್‌ಮ್ಯಾನ್‌ನವರದ್ದು. ಬಹಳ ಬಾಳಿಕೆ. ಸಣ್ಣ ಹಲ್ಲಿನ ಮೀನು ಕಚ್ಚಿದರೂ ಬಾಲ ಹರಿಯುವುದಿಲ್ಲ. ಅದನ್ನೂ ಮಾಮೂಲಿ ಪ್ಲಾಸ್ಟಿಕ್ ಲೂರುಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಬೈಕಿನ ಸೀಟಿನ ಕೆಳಗೆ ಇಟ್ಟಿದ್ದೆ. ಏಪ್ರಿಲ್ ತಿಂಗಳು. ಒಂದು ವಾರ ಬಿಟ್ಟು ತೆಗೆದರೆ ಒಳಗೆ ಪಾಯಸ! ಎರಡು ಜಾತಿಯ ಪ್ಲಾಸ್ಟಿಕ್ ಒಂದನ್ನೊಂದು ಮುಟ್ಟಿದರೆ ಕರಗುತ್ತವಂತೆ, ಪ್ಯಾಕೆಟ್ ಮೇಲೆ ಬರೆದೂ ಇರುತ್ತದೆ. ಯಾರು ಓದುತ್ತಾರೆ? ಸಾವಿರದ ಇನ್ನೂರು ರೂಪಾಯಿಯ ಲೂರು, ಬೆರಳಿಗೆ ಅಂಟಿ ಎರಡು ದಿನ ಹೋಗಲಿಲ್ಲ. ಬೇರೆ ಬೇರೆ ಇಡಿ. ಅವು ಬಂದ ಪ್ಯಾಕೆಟಿನಲ್ಲೇ ಇಡಿ.

ಹುಬ್ಳಿ_ಹುಡುಗ:
ಪಾಯಸದಲ್ಲೇ ಒಂದು ಕೊಕ್ಕೆ ಇಟ್ಟು ಎಸೆದು ನೋಡಬೇಕಿತ್ತು ರೀ.

ಸಿದ್ದಾಪುರದ_ಉಳಿ:
ಎರಡು ಸಾವಿರ ಯಾಕೆ ಖರ್ಚು ಮಾಡುತ್ತೀರಿ? ಘಟ್ಟದ ಮೇಲೆ ಹಾಲವಾಣ ಇಲ್ಲವೇ?

ತಮಾಷೆ ಅಲ್ಲ. ಮೆಣಸಿನ ಬಳ್ಳಿ ಹಬ್ಬಿಸಿದ ಒಂದು ಹಾಲವಾಣ ಗಾಳಿಗೆ ಬಿತ್ತು. ಹಗುರ ಮರ, ಚಾಕುವಿಗೆ ಬೆಣ್ಣೆಯ ಹಾಗೆ. ನಾಲ್ಕಿಂಚಿನ ತುಂಡು ಮಾಡಿ ಅಟ್ಟದ ಮೇಲೆ ಒಂದು ಮಳೆಗಾಲ ಒಣಗಿಸಿದೆ. ಮೀನಿನ ಆಕಾರಕ್ಕೆ ಕೆತ್ತಿ, ಹೊಟ್ಟೆಯ ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಲ್ಲಿ ಸೀಳಿದೆ. ಆ ಸೀಳಿನಲ್ಲಿ ಮೂತಿಯಿಂದ ಬಾಲದವರೆಗೆ ಒಂದೇ ಸ್ಟೀಲ್ ತಂತಿ ಕೂರಿಸಿದೆ. ತಂತಿ ಒಂದೇ ಇರಬೇಕು, ಮರ ಒಡೆದರೂ ಮೀನು ತಂತಿಯಲ್ಲಿ ಉಳಿಯುತ್ತದೆ. ಹೊಟ್ಟೆಗೆ ಸೀಸ, ಮೇಲೆ ಅಂಟು. ಮೂತಿಯ ಕೆಳಗಿನ ನಾಲಿಗೆಗೆ ಹಳೇ ಸಿಡಿ ಕತ್ತರಿಸಿದ್ದು. ಮೈಗೆ ಚಾಕೊಲೇಟಿನ ಬೆಳ್ಳಿ ಕಾಗದ. ಅದರ ಮೇಲೆ ಹೆಂಡತಿಯ ಉಗುರು ಬಣ್ಣ, ಬಣ್ಣವಿಲ್ಲದ್ದು, ನಾಲ್ಕು ಸಲ.

ತೋಟದ ಟ್ಯಾಂಕಿಯಲ್ಲಿ ಬಿಟ್ಟೆ. ಮೊದಲನೆಯದು ಸತ್ತ ಮೀನಿನ ಹಾಗೆ ಹೊಟ್ಟೆ ಮೇಲೆ ಮಾಡಿ ಮಲಗಿತು, ಸೀಸ ಕಡಿಮೆ. ಎರಡನೆಯದು ಎಳೆದರೆ ಬುಗುರಿ ತಿರುಗಿದ ಹಾಗೆ ತಿರುಗಿ ದಾರವನ್ನೆಲ್ಲ ಹುರಿ ಮಾಡಿತು, ನಾಲಿಗೆ ಕೂದಲೆಳೆಯಷ್ಟು ಓರೆ. ಮೂರನೆಯದಕ್ಕೆ ಸೀಸವನ್ನು ಅರ್ಧ ಇಂಚು ಮುಂದೆ ತಂದೆ. ಎಳೆದೆ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ನನ್ನ ಏಳು ವರ್ಷದ ಮಗಳು ಅಪ್ಪಾ ಇದು ಈಜ್ತದೆ ಅಂತ ಕೂಗಿದಳು. ತೋಟದಲ್ಲಿ ಕೊನೆ ಕೊಯ್ಯುತ್ತಿದ್ದವರೆಲ್ಲ ಬಂದು ನೋಡಿದರು.

ಹೊನ್ನಾವರದ ಕಡೆ ಅದರಲ್ಲಿ ಮೂರು ಚೊಣಕ್ ಬಂದವು. ನಾಲ್ಕನೆಯದು ಉಗುರು ಬಣ್ಣ ಒಡೆಯಿತು, ಮರ ನೀರು ಕುಡಿದು ಊದಿತು. ಈಗ ದೇವರ ಫೋಟೋ ಪಕ್ಕದಲ್ಲಿದೆ.

ಅಂಕೋಲಾ_ಮಾಸ್ತರ್:
ಉಳಿ ಅವರೇ, ನೀವು ಮಾಡಿದ್ದು ಹೆಚ್ಚುಕಡಿಮೆ ರಾಪಾಲಾ ಕಥೆಯೇ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಬೆಂಡಿನ ತುಂಡು ಕೆತ್ತಿ, ಚಾಕೊಲೇಟ್ ಕಾಗದ ಸುತ್ತಿ, ಹಳೇ ಫೋಟೋ ನೆಗೆಟಿವ್ ಕರಗಿಸಿ ಮೇಲೆ ಲೇಪ ಕೊಟ್ಟಿದ್ದ. ದೊಡ್ಡ ಮೀನು ಸಣ್ಣ ಮೀನಿನ ಹಿಂಡಿಗೆ ನುಗ್ಗುವಾಗ ಓಲಾಡುವ ಪೆಟ್ಟಾದ ಮೀನನ್ನೇ ಹುಡುಕುತ್ತದೆ ಅಂತ ದೋಣಿಯಿಂದ ನೋಡಿ ತಿಳಿದುಕೊಂಡಿದ್ದ. ಆ ಓಲಾಟವನ್ನೇ ಲೂರಿಗೆ ಇಳಿಸಿದ.

ಸಿದ್ದಾಪುರದ_ಉಳಿ:
ನೆಗೆಟಿವ್ ಈಗ ಎಲ್ಲಿ ಸಿಗಬೇಕು ಮಾಸ್ತರ್ರೇ. ಉಗುರು ಬಣ್ಣವೇ ಗತಿ. ಅದಕ್ಕೂ ಮನೆಯಲ್ಲಿ ಲೆಕ್ಕ ಕೇಳುತ್ತಿದ್ದಾರೆ.

ಕಾಳಿ_ರಾತ್ರಿ:
ತಡವಾಗಿ ಬಂದೆ. ಎಲ್ಲರೂ ನೀರಿನ ಒಳಗಿನ ಲೂರ್ ಹೇಳಿದಿರಿ. ನನ್ನ ಮತ ನೀರಿನ ಮೇಲಿನದಕ್ಕೆ. ಲೆಕ್ಕದಲ್ಲಿ ಪ್ಯಾಡಲ್ ಟೇಲ್ ಗೆಲ್ಲುತ್ತದೆ, ಒಪ್ಪಿದೆ. ಪ್ರೀತಿಯ ಲೂರ್ ಯಾವುದು ಅಂತ ಕೇಳಿದರೆ ಮಾತ್ರ ಬೇರೆ.

ಕಾಳಿ ಸೇತುವೆಯ ಹತ್ತಿರ, ರಾತ್ರಿ ಎಂಟರ ಮೇಲೆ, ಹೆದ್ದಾರಿಯ ದೀಪದ ಬೆಳಕು ನೀರಿಗೆ ಬೀಳುವ ಕಡೆ. ಬೆಳಕಿಗೆ ಸಣ್ಣ ಮೀನು ಸೇರುತ್ತವೆ. ಚೊಣಕ್ ಬೆಳಕಿಗೆ ಬರುವುದಿಲ್ಲ, ನೆರಳಿನ ಅಂಚಿನಲ್ಲಿ ನಿಂತು ಕಾಯುತ್ತದೆ. ಅಲ್ಲಿ ಒಂದು ಉದ್ದನೆಯ ಟಾಪ್‌ವಾಟರ್ ಬಿಟ್ಟು, ರಾಡಿನ ತುದಿಯಿಂದ ಸಣ್ಣ ಸಣ್ಣ ಏಟು ಕೊಟ್ಟು, ನಾಯಿ ಮೂಸುತ್ತಾ ಆಚೀಚೆ ಹೋಗುವ ಹಾಗೆ ತರಬೇಕು. ಆಮೇಲೆ ಬರುತ್ತದೆ ನೋಡಿ ಒಂದು ಶಬ್ದ. ಬಾವಿಗೆ ಮುಚ್ಚಿದ ಕೊಡ ಬಿದ್ದ ಹಾಗೆ. ಬುಫ್! ಆ ಶಬ್ದಕ್ಕೆ ಹತ್ತರಲ್ಲಿ ಒಂಬತ್ತು ಜನ ರಾಡ್ ಎತ್ತಿಬಿಡುತ್ತಾರೆ. ಲೂರ್ ಹಾರಿ ಬಂದು ಮುಖಕ್ಕೆ. ಶಬ್ದಕ್ಕೆ ಎತ್ತಬಾರದು. ಭಾರಕ್ಕೆ ಎತ್ತಬೇಕು. ದಾರ ಕೈಗೆ ತೂಕ ಕೊಟ್ಟ ಮೇಲೆ.

ನನಗೆ ಇದು ಗೊತ್ತಾಗಲು ಮೂರು ವರ್ಷ ಬೇಕಾಯಿತು. ಈಗಲೂ ತಪ್ಪು ಮಾಡುತ್ತೇನೆ.

ಆದರೆ ಒಂದು, 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದ ಮೇಲೆ ಆ ಜಾಗ ಮೊದಲಿನ ಹಾಗಿಲ್ಲ. ಹಳೇ ಕಂಬಗಳ ಸಾಲಿನಲ್ಲಿ ಯಾವ ಕಂಬದ ಎಡಕ್ಕೆ ಎಸೆಯಬೇಕು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆ ಲೆಕ್ಕವೆಲ್ಲ ಹೋಯಿತು.

ಅಂಕೋಲಾ_ಮಾಸ್ತರ್:
ಹೌದು. ಗಂಗಾವಳಿಯಲ್ಲೂ ಹಾಗೇ. ಅದೇ ವರ್ಷ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲೆ ಆ ಭಾಗದಲ್ಲಿ ನಾನು ಗಾಳ ಹಾಕಿಲ್ಲ. ಮನಸ್ಸು ಬರುವುದಿಲ್ಲ.

ಕಾಳಿ_ರಾತ್ರಿ:
ಬೇಡ ಬಿಡಿ ಮಾಸ್ತರ್ರೇ. ನಾನೂ ಆ ಕಡೆ ಹೋಗಿಲ್ಲ.

ಕೋಡಿಬಾಗ_ಕಟ್ಟೆ:
ಹೊಸಬರಿಗೆ ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಸೂಚನೆ ಬಂದ ದಿನ ಹೊಳೆ ಅಂಚಿನ ಬಂಡೆ ಹತ್ತಬೇಡಿ. ಮತ್ತೆ ನೌಕಾನೆಲೆಯ ಬೇಲಿಯ ಕಡೆ ಎಷ್ಟು ಒಳ್ಳೆ ಬಂಡೆ ಕಂಡರೂ ಹೋಗಬೇಡಿ. ರಾಡು, ಫೋನು, ಮರ್ಯಾದೆ ಮೂರೂ ಹೋಗುತ್ತದೆ.

ಘಟ್ಟದ_ಮೇಲಿನವ:
ಎಲ್ಲ ಓದಿದೆ. ಮೊದಲಿಗಿಂತ ಜಾಸ್ತಿ ಗೊಂದಲ ಆಗಿದೆ. ಯಾರಾದರೂ ಅಂಗಡಿ ಚೀಟಿಯ ಹಾಗೆ ಬರೆದು ಕೊಡಿ, ಅದನ್ನೇ ತರುತ್ತೇನೆ.

ಕೋಡಿಬಾಗ_ಕಟ್ಟೆ:
ಬರಕೊಳ್ಳಿ. ನಾಲ್ಕಿಂಚಿನ ಪ್ಯಾಡಲ್ ಟೇಲ್ ಎರಡು ಪ್ಯಾಕೆಟ್, ಒಂದು ಬಿಳಿ, ಒಂದು ಗಾಢ ಬಣ್ಣ. ಮುನ್ನೂರೈವತ್ತರಂತೆ ಏಳು ನೂರು. ಜಿಗ್ ಹೆಡ್ ಹತ್ತು ಗ್ರಾಂ ಮೂರು, ಹದಿನಾಲ್ಕು ಗ್ರಾಂ ಎರಡು, ಕೊಕ್ಕೆ ದಪ್ಪ ಇರಲಿ. ಇನ್ನೂರೈವತ್ತು. ಹತ್ತು ಸೆಂಟಿಮೀಟರಿನ ಸಸ್ಪೆಂಡಿಂಗ್ ಮಿನ್ನೊ ಒಂದು, ಸದಾಶಿವಗಡದ ಅಣ್ಣನ ಸಮಾಧಾನಕ್ಕೆ. ಆರುನೂರೈವತ್ತು. ಉಳಿದ ನಾನೂರಕ್ಕೆ ಲೀಡರ್, ಅಂದರೆ ಲೂರಿನ ಹತ್ತಿರ ಕಟ್ಟುವ ಗಟ್ಟಿ ದಾರ, ನಲವತ್ತು ಪೌಂಡಿನದ್ದು. ಲೂರ್ ಒಂದು ಕಡಿಮೆ ಮಾಡಿದರೂ ಲೀಡರ್ ಬಿಡಬೇಡಿ.

ಸದಾಶಿವಗಡದವ:
ಲೀಡರ್ ಮಾತಿಗೆ ನನ್ನ ಸಹಿಯೂ ಇದೆ, ಬರೆದಿಟ್ಟುಕೊಳ್ಳಿ. ಚೊಣಕ್ ಬಾಯಿ ಉಪ್ಪುಕಾಗದದ ಹಾಗೆ, ಕಿವಿರಿನ ಮುಚ್ಚಳದ ಅಂಚು ಬ್ಲೇಡು. ತಲೆ ಕೊಡವಿದಾಗ ದಾರ ಅದಕ್ಕೆ ಸಿಕ್ಕಿದರೆ ಅಲ್ಲಿಗೆ ಕಥೆ ಮುಗಿಯಿತು. ಅದರ ಮೇಲೆ ಬಂಡೆಗೆ, ಕಂಬಕ್ಕೆ ಅಂಟಿದ ಕಲ್ವದ ಚಿಪ್ಪು ಬೇರೆ. ಮೂರಡಿ ಲೀಡರ್ ಇರಲಿ, ಪ್ರತಿ ಮೀನಿನ ನಂತರ ಬೆರಳಲ್ಲಿ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ಕಿವಿರಿನೊಳಗೆ ಬೆರಳು ಹಾಕಿ ಎತ್ತಬೇಡಿ, ನನ್ನ ತೋರುಬೆರಳಿನ ಹೊಲಿಗೆ ಗುರುತು ಇನ್ನೂ ಇದೆ.

ನೀವು ಬಿಡುವವರಾದ್ದರಿಂದ ಮಿನ್ನೊದ ಮೂರು ಕವಲಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ಮನೆಗೆ ಬಂದು ಲೂರನ್ನು ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ವಾರದಲ್ಲಿ ತುಕ್ಕು.

ಘಟ್ಟದ_ಮೇಲಿನವ:
ತೊಳೆಯುವುದು ಕಷ್ಟ ಅಣ್ಣ. ಟ್ರೈಪಾಡ್ ಯಾರು ತೊಳೆಯುತ್ತಾರೆ?

ಹುಬ್ಳಿ_ಹುಡುಗ:
ಶಿರಸಿ-ಕುಮಟಾ ರೋಡು ಈಗ ಹೆಂಗದೆ?

ಟೊಂಕದ_ಅಲೆ:
ರೋಡು ಅಂತ ಯಾರು ಹೇಳಿದರು ನಿಮಗೆ?

ಕೋಡಿಬಾಗ_ಶಾಂತಾ:
ಲೂರ್ ಚರ್ಚೆ ಮುಗಿದಿದ್ದರೆ ಒಂದು ಮಾತು. ಚೊಣಕ್ ರವೆ ಹಚ್ಚಿ ಹುರಿಯುವವರು ತುಂಡು ದಪ್ಪ ಮಾಡಬೇಡಿ. ತಲೆ ಬಿಸಾಡಬೇಡಿ. ತಲೆಗೆ ಹುಳಿ, ಕಾಯಿ, ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿ.

ಬೇಲೆಕೇರಿ_ಬಾಬು:
ಇದೊಂದೇ ಪೋಸ್ಟ್ ನಾನು ಸೇವ್ ಮಾಡಿಕೊಂಡದ್ದು.

ಘಟ್ಟದ_ಮೇಲಿನವ (ಹದಿನಾರು ದಿನಗಳ ನಂತರ):
ಹೋಗಿ ಬಂದೆ. ವರದಿ ಕೊಡದಿದ್ದರೆ ಕೃತಘ್ನ ಆಗುತ್ತೇನೆ.

ಗಜನಿ ಅಣ್ಣ ಹುಣ್ಣಿಮೆ ಕಳೆದ ಎರಡನೇ ದಿನ ಬಾ ಅಂದಿದ್ದರು. ಬೆಳಿಗ್ಗೆ ನಾಲ್ಕಕ್ಕೆ ಶಿರಸಿ ಬಿಟ್ಟೆ. ಮೊದಲ ಎರಡು ತಾಸು ಏನೂ ಇಲ್ಲ. ಹರಿವಿಗೆ ಹತ್ತು ಗ್ರಾಂ ಸಾಲದೆ ಲೂರ್ ಮೇಲೆಯೇ ತೇಲಿ ಬರುತ್ತಿತ್ತು. ಹದಿನಾಲ್ಕು ಗ್ರಾಂ ಹಾಕಿದ ಮೇಲೆ ತಳ ಮುಟ್ಟುವುದು ಕೈಗೆ ಗೊತ್ತಾಯಿತು. ಆಮೇಲೆ ಗಜನಿ ಅಣ್ಣ ಹೇಳಿದ ಆ ಗೆರೆ ಕಂಡಿತು. ನಿಜವಾಗಿ ಎರಡು ಕಾಂಡ್ಲಾ ಎಲೆ ಅಲ್ಲೇ ತಿರುಗುತ್ತಿದ್ದವು. ಬಿಳಿ ಪ್ಯಾಡಲ್ ಟೇಲ್‌ಗೆ ಮೊದಲ ಚೊಣಕ್. ಮೊಳಕ್ಕಿಂತ ಸಣ್ಣದು, ಆದರೆ ಹಾರಿತು! ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ದಡದಲ್ಲಿ ಬಲೆ ತೊಳೆಯುತ್ತಿದ್ದ ಅಜ್ಜ ಒಬ್ಬರು "ಬಿಟ್ಯಾ? ಬಿಟ್ಟೇಬಿಟ್ಯಾ?" ಅಂದರು. ಆಮೇಲೆ ನಾನು ಹೊರಡುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಇಳಿತ ಮುಗಿಯಲು ಅರ್ಧ ತಾಸು ಇದೆ ಅನ್ನುವಾಗ ಮಿನ್ನೊ ಕಟ್ಟಿದೆ. ಎರಡು ಸಲ ಜಗ್ಗಿ ನಿಲ್ಲಿಸಿ ಎಣಿಸಿದೆ. ನಾಲ್ಕು ಅಂದೆ. ಐದು ಅನ್ನಲಿಲ್ಲ. ರಾಡು ನೀರಿಗೆ ಬಗ್ಗಿತು. ಒಮ್ಮೆ ಮೇಲೆ ಬಂದು ಬಾಯಿ ತೆರೆದು ತಲೆ ಕೊಡವಿತು. ನಮ್ಮ ಮನೆಯ ಅಕ್ಕಿ ಕೊಳಗದಷ್ಟು ಬಾಯಿ, ಸುಳ್ಳಲ್ಲ. ಅಷ್ಟೇ. ದಾರ ಸಡಿಲ. ಲೀಡರ್ ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚೊಕ್ಕವಾಗಿ ತುಂಡಾಗಿತ್ತು. ತಪ್ಪು ನನ್ನದೇ. ಮೊದಲ ಮೀನಿನ ಮೇಲೆ ಸವರಿ ನೋಡಲು ಮರೆತಿದ್ದೆ. ಆರುನೂರೈವತ್ತು ರೂಪಾಯಿ ಈಗ ಅಘನಾಶಿನಿಯಲ್ಲಿ ಈಜುತ್ತಿದೆ. ಮುಳ್ಳು ಒತ್ತಿದ ಒಂಟಿ ಕೊಕ್ಕೆ ಇದ್ದದ್ದರಿಂದ ಅದು ಉದುರಿಸಿಕೊಂಡಿರಬಹುದು ಅಂತ ಸಮಾಧಾನ.

ಕೋಡಿಬಾಗ_ಕಟ್ಟೆ:
ಹಿಡಿದದ್ದು ಬಿಳಿ ಪ್ಯಾಡಲ್ ಟೇಲ್. ಎಲ್ಲರೂ ಗಮನಿಸಿ.

ಸದಾಶಿವಗಡದವ:
ದೊಡ್ಡದು ಹೊಡೆದದ್ದು ಮಿನ್ನೊಗೆ. ನಿಲ್ಲಿಸಿದಾಗ. ಎಲ್ಲರೂ ಇದನ್ನೂ ಗಮನಿಸಿ.

ಚಿತ್ತಾಕುಲ_ಬಣ್ಣ:
ಮಿನ್ನೊ ಯಾವ ಬಣ್ಣ?

ಮಿರ್ಜಾನ್_ಗಜನಿ:
ಆ ಅಜ್ಜ ನನ್ನ ದೊಡ್ಡಪ್ಪ. ಇನ್ನೂ ಸಿಟ್ಟಿನಲ್ಲಿದ್ದಾರೆ. ಮುಂದಿನ ಸಲ ಬಿಡುವ ಮೊದಲು ಅವರಿಗೆ ತೋರಿಸಿ ಬಿಡಿ.

ಹುಬ್ಳಿ_ಹುಡುಗ:
ಫೋಟೋ ಎಲ್ಲಿ ರೀ?

ಘಟ್ಟದ_ಮೇಲಿನವ:
ಒಬ್ಬನೇ ಇದ್ದೆ. ಟ್ರೈಪಾಡ್ ತರಲಿಲ್ಲ.